ಹುಣಸೆಹಣ್ಣು ಹಚ್ಚಿ ತೊಳೆದ ಕಾಡತೂಸು

ಮೊನ್ನೆ ಭಾನುವಾರ ಗರಾಜು ಖಾಲಿ ಮಾಡುತ್ತಿದ್ದಾಗ ನನ್ನ ಮಗಳು ಅನು ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಹಾವು ಇದೆಯೇನೋ ಎಂಬಂತೆ ದೂರ ಚಾಚಿಕೊಂಡು ಅಡುಗೆಮನೆಗೆ ಬಂದಳು. "ಅಪ್ಪಾ, ಆರ್ ದೀಸ್ ಬುಲೆಟ್ಸ್?" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಮೂವತ್ತಕ್ಕೆ ಹತ್ತಿರವಾದರೂ ಅದು ಬದಲಾಗಿಲ್ಲ.

"ಬುಲೆಟ್ಟಲ್ಲ ಕಣೇ, ಕಾಡತೂಸು. ಗುಂಡು ಹಾರಿಹೋದ ಮೇಲೆ ಬಂದೂಕಿನಲ್ಲಿ ಉಳಿಯುತ್ತಲ್ಲ, ಆ ಖಾಲಿ ಹಿತ್ತಾಳೆ" ಎಂದೆ. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಒಂದನ್ನು ಬೆಳಕಿಗೆ ಹಿಡಿದು, ಇಷ್ಟು ಹಳೆಯದು ಇಷ್ಟೊಂದು ಏಕೆ ಹೊಳೆಯುತ್ತಿದೆ ಎಂದು ಕೇಳಿದಳು. ಅದು ನಿನ್ನ ಅಜ್ಜಿಯ ಕೈಗುಣ ಎಂದಷ್ಟೇ ಹೇಳಿ ಮಾತು ಮುಗಿಸಿದೆ. ಅವಳಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕಾಡತೂಸು ಕೂಡಿಡುವವನು ಎಂದರೆ ಜನ ಮೀಸೆ ದಪ್ಪಗಿರುವ, ಕಾಡು ಸುತ್ತಿದ ಯಾರನ್ನೋ ಊಹಿಸಿಕೊಳ್ಳುತ್ತಾರೆ. ನನ್ನ ವಿಷಯ ಬೇರೆ. ನಾನು ಇವತ್ತಿನವರೆಗೂ ಒಂದು ಬಂದೂಕನ್ನು ಕೈಯಲ್ಲಿ ಹಿಡಿದಿಲ್ಲ. ದೀಪಾವಳಿಯಲ್ಲಿ ನನ್ನ ಧೈರ್ಯ ಸುರುಸುರುಬತ್ತಿಗೆ ನಿಂತುಹೋಗುತ್ತಿತ್ತು. ಅದನ್ನೂ ತೋಳು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ ಹಿಡಿಯುತ್ತಿದ್ದೆ. ಆದರೆ ಸದ್ದು ಮುಗಿದ ಮೇಲೆ ನೆಲದಲ್ಲಿ ಬಿದ್ದಿರುವುದನ್ನು ಆರಿಸುವುದೆಂದರೆ ನನಗೆ ಎಲ್ಲಿಲ್ಲದ ಆಸೆ.

ಮೈಸೂರಿನಲ್ಲಿ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ ಹೋದರೆ ಪೊಲೀಸರು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲು ಇತ್ತು. ಅಭ್ಯಾಸ ಮುಗಿದ ಮೇಲೆ ಪೇದೆಗಳು ಖಾಲಿ ಕಾಡತೂಸುಗಳನ್ನು ಒಂದೂ ಬಿಡದೆ ಎಣಿಸಿ ಚೀಲಕ್ಕೆ ತುಂಬುತ್ತಿದ್ದರು. ಆದರೂ ಮಳೆ ಬಂದು ಮಣ್ಣು ಕೊಚ್ಚಿಕೊಂಡು ಹೋದಾಗ ಎಂದೋ ಹೂತುಹೋಗಿದ್ದ ಒಂದೆರಡು ಮೇಲೆ ಬರುತ್ತಿದ್ದವು. ಅಂಥದೊಂದರ ಬಾಯಿಯನ್ನು ಕೆಳತುಟಿಗೆ ಒತ್ತಿ ಊದಿದರೆ ರೈಲಿನ ಗಾರ್ಡಿನ ಸೀಟಿಗಿಂತ ಜೋರು ಸದ್ದು ಬರುತ್ತಿತ್ತು. ಅದನ್ನು ತರಗತಿಯಲ್ಲಿ ಊದಿ, ಗಣಿತದ ಮೇಷ್ಟ್ರ ಕೈಯಲ್ಲಿ ಒದೆ ತಿಂದು, ಕಾಡತೂಸನ್ನೂ ಕಳೆದುಕೊಂಡೆ. ಒದೆಯ ನೋವು ಸಂಜೆಗೆ ಹೋಯಿತು, ಕಳೆದುಕೊಂಡ ನೋವು ಮೂವತ್ತು ವರ್ಷ ಉಳಿಯಿತು. ನನ್ನ ಹುಚ್ಚಿಗೆ ಇಷ್ಟೇ ಕಾರಣ, ಇದಕ್ಕಿಂತ ಘನವಾದದ್ದು ಹುಡುಕಿದರೂ ಸಿಗಲಿಲ್ಲ.

ಕಡಲು ದಾಟಿ ಬಂದು, ಸಾಂಟಾ ಕ್ಲಾರಾದಲ್ಲಿ ನಾವು ಎಲ್ ಕಮೀನೋ ರಸ್ತೆಗೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದ ಕಾಲ. ಡಾಟ್ ಕಾಮಿನ ಅಬ್ಬರ. ಯಾರ ಮನೆಯ ಪಾಟ್‌ಲಕ್ಕಿಗೆ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಕೂಟಕ್ಕೆ, ಹೋದರೂ ಬಿಸಿಬೇಳೆಬಾತಿನ ಪಾತ್ರೆಯ ಸುತ್ತ ನಿಂತು ಜನ ಸ್ಟಾಕಿನ ಮಾತೇ ಆಡುತ್ತಿದ್ದರು. ನಿನ್ನೆ ಹುಟ್ಟಿದ ಕಂಪನಿ, ನಾಳೆಯ ಐಪಿಓ. ನಾನೂ ಒಂದು ಸ್ಟಾರ್ಟಪ್ಪಿನಲ್ಲಿದ್ದೆ. ನಾಯಿ ಬೆಕ್ಕುಗಳ ಆಹಾರವನ್ನು ಇಂಟರ್ನೆಟ್ಟಿನಲ್ಲಿ ಮಾರುವುದು ಹೇಗೆ ಎಂದು ಹಗಲೆಲ್ಲ ಮೀಟಿಂಗು ಮಾಡುತ್ತಿದ್ದೆವು. ಕೈಗೆ ಸಿಗುವಂಥದ್ದು ಏನೂ ಇಲ್ಲದ ಆ ಕೆಲಸದ ಮಧ್ಯೆ ತೂಕವಿರುವ ಒಂದು ಹಿತ್ತಾಳೆಯ ಚೂರು ಜೇಬಿನಲ್ಲಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇದನ್ನು ಪಾಟ್‌ಲಕ್ಕಿನಲ್ಲಿ ಒಮ್ಮೆ ಹೇಳಿದೆ. ಹೆಂಡತಿ ವೀಣಾ ಮನೆಗೆ ಬಂದ ಮೇಲೆ, "ಇನ್ನೊಂದ್ಸಲ ಜನರ ಮುಂದೆ ಜೇಬಿಂದ ಅದನ್ನ ತೆಗೀಬೇಡಿ, ಮುಂದಿನ ಪಾಟ್‌ಲಕ್ಕಿಗೆ ಯಾರೂ ಕರೆಯಲ್ಲ" ಎಂದಳು.

ವಾಲ್ಟರ್ ಸಿಕ್ಕಿದ್ದು ಒಂದು ಭಾನುವಾರ, ಹಳೆಯ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನಲ್ಲಿ. ನಾನು ಹಳೆಯ ಓದುವ ಮೇಜು ಹುಡುಕಿಕೊಂಡು ಹೋಗಿದ್ದೆ. ಎಪ್ಪತ್ತೈದು ದಾಟಿದ, ಹೆಗಲ ಮೇಲೆ ಸಸ್ಪೆಂಡರ್ ಪಟ್ಟಿ ಹಾಕಿದ ಒಬ್ಬ ಉದ್ದನೆಯ ಮುದುಕರು ಮೇಜಿನ ಮೇಲೆ ನೂರಾರು ಖಾಲಿ ಕಾಡತೂಸುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದರು. ಮಾರಲು ಬಂದವರು ಎಂದು ಅನ್ನಿಸಲಿಲ್ಲ. ಯಾರಾದರೂ ಬೆಲೆ ಕೇಳಿದರೆ ಆ ವಸ್ತು ಅವರಿಗೆ ಏಕೆ ತಕ್ಕುದಲ್ಲ ಎಂದು ವಿವರಿಸಿ ಕಳಿಸುತ್ತಿದ್ದರು. ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಹತ್ತಿರದ ಮಿಲ್ಪಿಟಾಸಿನಲ್ಲಿ ಸುತ್ತ ಟೌನ್‌ಹೌಸುಗಳೆದ್ದ ಮೇಲೂ ಉಳಿದುಕೊಂಡ ಒಂದು ಹಳೆಯ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು.

ಸಾಲಿನ ಕೊನೆಯಲ್ಲಿ ಹೆಬ್ಬೆರಳಿಗಿಂತ ದಪ್ಪದ, ಕಂದು ತಿರುಗಿದ ಒಂದು ಕಾಡತೂಸು ಒಂಟಿಯಾಗಿತ್ತು. ಅದರ ಮೈಮೇಲೆ ಯಾರೋ ಸಣ್ಣ ಕುಂಚದಿಂದ ಕಪ್ಪು ಬಣ್ಣದಲ್ಲಿ ಎರಡು ಅಕ್ಷರ ಬರೆದಿದ್ದರು. ಬಗ್ಗಿ ನೋಡಿದವನು "ಅರೆ!" ಎಂದು ಕೂಗಿಬಿಟ್ಟೆ. ಅವು ಅಕ್ಷರಗಳಲ್ಲ, ಅಂಕಿಗಳು. ೬೨.

ವಾಲ್ಟರ್ ಕುರ್ಚಿಯಿಂದ ಎದ್ದರು. "ನಿನಗೆ ಇದು ಓದಲು ಬರುತ್ತದೆಯೆ?"

"ಅರವತ್ತೆರಡು."

"ಯಾವ ಭಾಷೆಯಲ್ಲಿ?"

"ನನ್ನ ಅಮ್ಮ ದಿನಸಿ ಚೀಟಿ ಬರೆಯುವ ಭಾಷೆಯಲ್ಲಿ" ಎಂದೆ.

ಅವರು ಅದನ್ನು ಕೊಂಡು ಇಪ್ಪತ್ತಾರು ವರ್ಷವಾಗಿತ್ತಂತೆ. ಕಾಡತೂಸಿನ ತಳದಲ್ಲಿ ಒತ್ತಿರುವ ಮುದ್ರೆಯಿಂದ ಅದು ಇಂಡಿಯಾದ್ದು, ಬ್ರಿಟಿಷರ ಕಾಲದ್ದು ಎಂದು ಗೊತ್ತಿತ್ತು. ಆದರೆ ಮೈಮೇಲಿನ ಬರಹವನ್ನು ಕಂಡವರೊಬ್ಬರು ಬರ್ಮಾದ್ದು ಎಂದಿದ್ದರು, ಇನ್ನೊಬ್ಬರು ಯಾರೋ ಗೀಚಿದ್ದು ಎಂದಿದ್ದರು. ಇದು ಕನ್ನಡ, ಬಹುಶಃ ಮಹಾರಾಜರ ಕಾಲದ ಮೈಸೂರಿನ ಯಾವುದೋ ಉಗ್ರಾಣದ ಗುಮಾಸ್ತ ಲೆಕ್ಕಕ್ಕೆ ಬರೆದುಕೊಂಡಿದ್ದಿರಬೇಕು ಎಂದು ನಾನು ಹೇಳಿದಾಗ ಆ ಮುದುಕರ ಕಣ್ಣು ತುಂಬಿತು. ಹಿತ್ತಾಳೆಯ ಕೊಳವೆಯ ಮೇಲಿನ ಎರಡು ಅಂಕಿಗೆ ಅಳುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಈತ ನಮ್ಮವನೇ ಎನ್ನಿಸಿತು.

ಅಲ್ಲಿಂದ ಪ್ರತಿ ಶನಿವಾರ ಬೆಳಗ್ಗೆ ಅವರ ಅಡುಗೆಮನೆಯಲ್ಲಿ ನನ್ನ ಪಾಠ. ತಳದ ಮುದ್ರೆ ಓದುವುದು, ಅಳೆಯುವುದು, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಕಾರ್ಡು ಬರೆಯುವುದು. ನಾನೂ ಅಲ್ಲಿ ಇಲ್ಲಿ ಆರಿಸಿ ಇಪ್ಪತ್ತು ಕೂಡಿಹಾಕಿದೆ. ವಾಲ್ಟರ್ ಅವರ ಮೊದಲನೆಯ ನಿಯಮ, ಕೊನೆಯ ನಿಯಮ ಎರಡೂ ಒಂದೇ: ಉಜ್ಜಬಾರದು. ಹಿತ್ತಾಳೆಯ ಮೇಲೆ ಕಾಲ ಹಚ್ಚಿದ ಕಂದು ಬಣ್ಣ ಹೋದರೆ ಉಳಿಯುವುದು ಬರೀ ಲೋಹ, ಅದನ್ನು ಅಂಗಡಿಯಲ್ಲೇ ಕೊಳ್ಳಬಹುದು ಎನ್ನುತ್ತಿದ್ದರು.

ಆ ಅರವತ್ತೆರಡು ನಿಜವಾಗಿ ಎಲ್ಲಿಯದು ಎಂದು ತಿಳಿಯುವ ಆಸೆ ನಮ್ಮಿಬ್ಬರಿಗೂ. ಮೈಸೂರಿನಲ್ಲಿ ಅಪ್ಪನ ಸ್ನೇಹಿತರೊಬ್ಬರು ಪೊಲೀಸ್ ಇಲಾಖೆಯ ಆಯುಧಗಳ ಉಗ್ರಾಣದಲ್ಲಿದ್ದವರು. ಅವರಿಗೆ ಅಂಕಿಯ ಪಡಿಯಚ್ಚು ಬರೆದು ಕಳಿಸುತ್ತೇನೆ, ಕಾಡತೂಸನ್ನು ಒಂದು ವಾರಕ್ಕೆ ಕೊಡಿ ಎಂದು ವಾಲ್ಟರ್ ಅವರನ್ನು ಕೇಳಿದೆ. ಅವರು ಅದುವರೆಗೆ ಯಾರಿಗೂ ಏನನ್ನೂ ಮನೆಯಿಂದ ಆಚೆಗೆ ಕೊಟ್ಟವರಲ್ಲ. ಬಹಳ ಹೊತ್ತು ಯೋಚಿಸಿ ಹತ್ತಿಯಲ್ಲಿ ಸುತ್ತಿ ಕೊಟ್ಟರು. "ಏನು ಮಾಡಬಾರದು?" ಎಂದರು. "ಉಜ್ಜಬಾರದು" ಎಂದೆ. ನನ್ನ ಬೂಟನ್ನೇ ನಾನು ಉಜ್ಜುವವನಲ್ಲ ಎಂದು ನಗೆಯಾಡಿದೆ.

ಆದರೆ ಮನೆಯಲ್ಲಿ ಅಮ್ಮ ಇದ್ದಳು.

ಅಮ್ಮ ಆರು ತಿಂಗಳಿಗೆಂದು ಬಂದು ಎರಡು ತಿಂಗಳಾಗಿತ್ತು. ಅರವತ್ತೇಳು ವರ್ಷ. ಅವಳ ಹೆಸರು ಜಯಲಕ್ಷ್ಮಮ್ಮ. ಜೀವನದಲ್ಲಿ ಸುಮ್ಮನೆ ಕೂತು ಅಭ್ಯಾಸವಿಲ್ಲದವಳು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಮೆಷಿನ್ನು, ಬಟ್ಟೆಗೆ ಮೆಷಿನ್ನು, ಮೊಮ್ಮಗಳನ್ನು ನೋಡಿಕೊಳ್ಳಲು ಡೇಕೇರು. ಬೆಳಗ್ಗೆ ಎಂಟಕ್ಕೆ ನಾವೆಲ್ಲ ಹೊರಟುಹೋದರೆ ಸಂಜೆಯವರೆಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಾರುಗಳನ್ನು ನೋಡುತ್ತಿದ್ದಳು. "ಇಷ್ಟು ಜನ ದಿನಾ ಎಲ್ಲಿಗೋ ಹೋಗ್ತಾರೆ?" ಎಂದು ಒಮ್ಮೆ ಕೇಳಿದಳು.

ಹಾಗಾಗಿ ಆಯುಧಪೂಜೆ ಬಂದದ್ದು ಅವಳಿಗೆ ಕೆಲಸ ಸಿಕ್ಕ ಹಾಗಾಯಿತು. ಆಯುಧಪೂಜೆ ನಮಗೆ ಈ ದೇಶದಲ್ಲಿ ಯಾವಾಗಲೂ ಸ್ವಲ್ಪ ಪೇಚಿನ ಹಬ್ಬವೇ. ಹಿಂದಿನ ವರ್ಷ ಕಾರಿಗೆ ಪೂಜೆ ಮಾಡಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಪಾರ್ಕಿಂಗಿನಲ್ಲಿ ಒಡೆದಿದ್ದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಕೆಂಪು ನೋಡಿ ಓಡಿಬಂದು, ಗಾಯವಾಗಿರುವುದು ಯಾರಿಗೆ ಎಂದು ಕೇಳಿದ್ದಳು. ತರಕಾರಿಗೆ ಎಂದು ಹೇಳಿ, ಅವಳ ಕಣ್ಣೆದುರಿಗೇ ಪೈಪು ಹಿಡಿದು ತೊಳೆದಿದ್ದೆ.

ಈ ಸಲ ಅಮ್ಮ ಬೆಳಗ್ಗೆಯೇ ಗೊಣಗಿದ್ದಳು: "ಆಯುಧಪೂಜೆಗೆ ಇಡಕ್ಕೆ ಒಂದು ಮಚ್ಚಾದ್ರೂ ಇಲ್ವಲ್ಲೋ ನಿಮ್ಮನೇಲಿ. ಒಂದು ಸ್ಕ್ರೂಡ್ರೈವರು, ಎರಡು ಕಂಪ್ಯೂಟರು." ನಾನು ನಕ್ಕು ಆಫೀಸಿಗೆ ಹೋದೆ. ಸಂಜೆ ಆರಕ್ಕೆ ಬಾಗಿಲು ತೆಗೆದಾಗ ಅವಳ ಮುಖ ಅರಳಿತ್ತು. ಬಂದ ಎರಡು ತಿಂಗಳಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ. "ಬಾ ಕಂಠಿ, ಚಪ್ಪಲಿ ಬಿಟ್ಟು ಬಾ, ನೋಡು" ಎಂದು ಕೈಹಿಡಿದು ಕರೆದುಕೊಂಡು ಹೋದಳು. ಮನೆಯಲ್ಲಿ ಶ್ರೀಕಂಠನಾದ ನಾನು ಕಂಠಿ.

ದೇವರ ಪಟದ ಮುಂದೆ ಸ್ಟೀಲಿನ ತಟ್ಟೆಯಲ್ಲಿ ಇಪ್ಪತ್ತೊಂದು ಕಾಡತೂಸುಗಳು. ಒಂದೊಂದೂ ಚಿನ್ನದ ಬಣ್ಣ. ಒಂದೊಂದಕ್ಕೂ ಅರಿಸಿನ ಕುಂಕುಮ, ಮೇಲೊಂದು ಸೇವಂತಿಗೆ ಎಸಳು. "ಕಪಾಟಲ್ಲಿ ನಿಜವಾದ ಆಯುಧ ಇಟ್ಕೊಂಡು ಇಲ್ಲ ಅಂತೀಯಲ್ಲೋ! ಎಂಥಾ ಕಿಲುಬು ಹಿಡಿದಿತ್ತು ಅಂತೀಯ? ಹುಣಸೆಹಣ್ಣು, ಉಪ್ಪು ಹಾಕಿ ಬೆಳಗ್ಗೆಯಿಂದ ಉಜ್ಜಿದೀನಿ" ಎಂದಳು.

ದಪ್ಪನೆಯದನ್ನು ಎತ್ತಿಕೊಂಡೆ. ಸುತ್ತಲೂ ತಿರುಗಿಸಿದೆ. ನುಣ್ಣಗಿತ್ತು.

"ಇದರ ಮೇಲೆ ಏನೋ ಬರೆದಿತ್ತಲ್ಲಮ್ಮಾ?"

"ಹೂಂ, ಅರವತ್ತೆರಡು ಅಂತ ಇತ್ತು. ಅಂಗಡಿಯವರು ಹಾಕಿದ ಗುರುತು ಅಂದ್ಕೊಂಡೆ. ಹೊಸ ಪಾತ್ರೆ ತಂದ್ರೆ ಮೊದಲು ಅದನ್ನೇ ಅಲ್ವಾ ಉಜ್ಜೋದು? ಗಟ್ಟಿಯಾಗಿತ್ತು ಕಣೋ, ಉಗುರಲ್ಲಿ ಕೆರೆದು ತೆಗೆದೆ."

ಆಗ ನಾನು ಕೂಗಾಡಿದ್ದನ್ನು ಇಲ್ಲಿ ಪೂರ್ತಿ ಬರೆಯಲು ನಾಚಿಕೆಯಾಗುತ್ತದೆ. ಯಾರನ್ನು ಕೇಳಿ ಮುಟ್ಟಿದೆ, ಸುಮ್ಮನೆ ಒಂದು ಕಡೆ ಕೂರಲು ಆಗುವುದಿಲ್ಲವೆ, ಬುದ್ಧಿ ಇಲ್ಲವೆ ಎಂದೆಲ್ಲ ಅಂದೆ. ಅನು ಹೆದರಿ ವೀಣಾಳ ಹಿಂದೆ ಅವಿತಳು. ಅಮ್ಮ ಹುಣಸೆಹಣ್ಣಿನಿಂದ ಸುಕ್ಕುಗಟ್ಟಿದ್ದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು. ಅವತ್ತು ಅವಳು ಮಾಡಿದ ಶಾವಿಗೆ ಪಾಯಸವನ್ನು ಅವಳೂ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ.

ವೀಣಾಗೆ ಎಲ್ಲ ಸಮಸ್ಯೆಗೂ ಒಂದು ವರ್ಕರೌಂಡು, ಅಡ್ಡದಾರಿ, ಇರುತ್ತದೆ. "ವಾಲ್ಟರಿಗೆ ಕನ್ನಡ ಬರಲ್ಲ. ನಿಮಗೆ ಬರತ್ತೆ. ಅರವತ್ತೆರಡು ತಾನೆ? ಬರೆದುಬಿಡಿ" ಎಂದಳು. ನನಗೂ ಆ ಯೋಚನೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೈಸೂರಿಗೆ ಕಳಿಸಲೆಂದು ಬರೆದಿಟ್ಟ ಪಡಿಯಚ್ಚು ನನ್ನ ಹತ್ತಿರ ಇತ್ತು. ಮಾರನೆಯ ದಿನ ರಜೆ ಹಾಕಿ ಕರಿಯ ಬಣ್ಣ, ಎರಡೆಳೆ ಕೂದಲಿನ ಸಣ್ಣ ಕುಂಚ ತಂದೆ. ಹೊಳೆಯುವ ಹಿತ್ತಾಳೆಯನ್ನು ವಿನಿಗರಿನ ಹಬೆಯಲ್ಲಿಟ್ಟರೆ ಮತ್ತೆ ಕಂದಾಗುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದ್ದೆ. ನನ್ನದೇ ಒಂದು ಕಾಡತೂಸಿನ ಮೇಲೆ ಮಾಡಿ ನೋಡಿದೆ. ಕಂದಾಯಿತು. ಬರೆದೆ. ಡಿಕಾಕ್ಷನ್ ಸವರಿ ಒಣಗಿಸಿದೆ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಒಂದು ಅರವತ್ತೆರಡು ನಿಂತಿತ್ತು, ಆ ಗುಮಾಸ್ತನೇ ಎದ್ದು ಬಂದರೂ ತನ್ನದೇ ಎನ್ನುವ ಹಾಗೆ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಬಣ್ಣ ಒರೆಸಿಹಾಕಿ ಕುಂಚವನ್ನು ಕಸದ ಬುಟ್ಟಿಗೆ ಹಾಕಿದೆ.

ಶನಿವಾರ ಹೊರಟಾಗ ಅಮ್ಮ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ಕಾಲಿಗೆ ವೀಣಾಳ ಸ್ನೀಕರು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಳು. ಮೂರು ದಿನದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು. ಅವಳಿಗೆ ಕಾರಿನ ಬಾಗಿಲು ತೆಗೆದುಕೊಟ್ಟೆ.

ವಾಲ್ಟರ್ ಅಮ್ಮನಿಗೆ ಕುರ್ಚಿ ಎಳೆದುಕೊಟ್ಟರು. ನಾನು ಹತ್ತಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅವರು ಬಿಚ್ಚಿದರು. ಮೊದಲು ಬೇರೆ ಯಾವುದನ್ನೋ ತಂದಿದ್ದೇನೆ ಎಂದುಕೊಂಡರು. ಆಮೇಲೆ ತಳದ ಮುದ್ರೆ ನೋಡಿದರು, ಭೂತಗನ್ನಡಿ ತೆಗೆದು ಮೈಯನ್ನು ಸುತ್ತಲೂ ನೋಡಿದರು, ಅದನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡು ಇನ್ನೊಮ್ಮೆ ನೋಡಿದರು.

"ಇದನ್ನು ಯಾರು ಮಾಡಿದ್ದು?" ಎಂದರು.

"ನಾನು" ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು. "ಏನು ಕೇಳಿದ್ರು? ಏನಂದೆ?"

"ಯಾರು ತೊಳೆದಿದ್ದು ಅಂದ್ರು. ನಾನು ಅಂದೆ."

"ಸುಳ್ಳು ಯಾಕೆ ಹೇಳ್ತೀಯ? ನಾನು ತೊಳೆದಿದ್ದು ಅನ್ನು" ಎಂದಳು. ನಾನು ಹೇಳುವವರೆಗೂ ಕಾಯಲಿಲ್ಲ. ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿ, ಹೆಬ್ಬೆರಳಿನಿಂದ ಮೇಜನ್ನು ಗಟ್ಟಿಯಾಗಿ ಉಜ್ಜಿ ತೋರಿಸಿದಳು. ಆಮೇಲೆ ವಾಲ್ಟರ್ ಅವರಿಗೆ ಕೈಮುಗಿದಳು.

ಅವರು ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಏನು ಹಾಕಿ ತೊಳೆದದ್ದು ಎಂದು ಕೇಳಿದರು. ಹುಣಸೆಹಣ್ಣಿನ ಬಗ್ಗೆ, ಹಬ್ಬದ ಬಗ್ಗೆ, ಅಂಗಡಿಯವರು ಪಾತ್ರೆಗೆ ಹಾಕುವ ಗುರುತಿನ ಬಗ್ಗೆ ಎಲ್ಲ ಹೇಳಿದೆ. ಉಜ್ಜಬಾರದು ಎಂಬ ಒಂದು ಮಾತನ್ನು ಅಮ್ಮನಿಗೆ ನಾನು ಹೇಳಿರಲಿಲ್ಲ ಎಂಬುದನ್ನೂ ಹೇಳಿದೆ.

"ನಿನಗೆ ಆ ಅಂಕಿ ಗೊತ್ತು. ನೀನೇ ಬರೆದು ತರಬಹುದಿತ್ತು" ಎಂದರು.

"ಬರೆದು ನೋಡಿದೆ. ಬೇರೊಂದರ ಮೇಲೆ."

"ಹೇಗೆ ಬಂತು?"

"ಚೆನ್ನಾಗಿ ಬಂತು. ನಿಮಗೆ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ."

"ಮತ್ತೆ ಏಕೆ ತರಲಿಲ್ಲ?"

"ಗೊತ್ತಾಗುತ್ತಿರಲಿಲ್ಲ, ಅದಕ್ಕೇ" ಎಂದೆ.

ವಾಲ್ಟರ್ ಎದ್ದು ಡ್ರಾಯರಿನಿಂದ ಆ ಕಾಡತೂಸಿನ ಕಾರ್ಡು ತಂದು ನನ್ನ ಮುಂದಿಟ್ಟು ಪೆನ್ಸಿಲು ಕೊಟ್ಟರು. ಆದದ್ದನ್ನು ಬರಿ ಎಂದರು. ಬರೆದೆ. ಮೇಲೆ ಅರವತ್ತೆರಡು ಎಂದು ಕನ್ನಡದಲ್ಲಿ ಬರೆದಿತ್ತು, ಹುಣಸೆಹಣ್ಣಿನಿಂದ ತೊಳೆದಾಗ ಅಳಿಸಿತು, ತೊಳೆದವರು ಜಯಲಕ್ಷ್ಮಮ್ಮ, ಮೈಸೂರು. ಅವರು ಓದಿ, ತಲೆಯಾಡಿಸಿ, ಕಾರ್ಡನ್ನೂ ಕಾಡತೂಸನ್ನೂ ಅವುಗಳ ಜಾಗದಲ್ಲಿಟ್ಟು ಡ್ರಾಯರು ಮುಚ್ಚಿದರು. "ಇನ್ನು ಮೇಲೆ ನಿನಗೆ ಏನನ್ನೂ ಮನೆಗೆ ಕೊಡುವುದಿಲ್ಲ" ಎಂದರು. ಸರಿ ಎಂದೆ. "ಮುಂದಿನ ಶನಿವಾರ ಒಂಬತ್ತಕ್ಕೆ ಬಾ" ಎಂದರು. ಅಮ್ಮನಿಗೆ ಕಾಫಿ ಮಾಡಿಕೊಟ್ಟರು. ಅವಳು ಆ ನೀರು ಕಾಫಿಯನ್ನು ಒಂದು ತೊಟ್ಟೂ ಬಿಡದೆ ಕುಡಿದಳು.

ಹಿಂದಿರುಗುವಾಗ ಫ್ರೀವೇ ಖಾಲಿಯಿತ್ತು. ನನಗೆ ಎದೆಯ ಮೇಲಿಂದ ಕಲ್ಲು ಇಳಿದಂತಾಗಿತ್ತು. ರೇಡಿಯೋ ಹಾಕಲು ಕೈ ಚಾಚಿದೆ.

"ಏನಂದ್ರು ಕೊನೇಲಿ?" ಎಂದಳು ಅಮ್ಮ.

"ಮುಂದಿನ ಶನಿವಾರ ಬಾ ಅಂದ್ರು."

"ಬೈಲಿಲ್ವಾ?"

"ಇಲ್ಲಮ್ಮ. ಪಾಪ, ಒಂದು ಮಾತೂ ಬೈಲಿಲ್ಲ."

ಅವಳು ಸ್ವೆಟರಿನ ಗುಂಡಿ ಬಿಚ್ಚಿಕೊಂಡಳು. ಆಮೇಲೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ, "ಕಳಕೊಂಡೋರು ಬೈಲಿಲ್ಲ. ನೀನು ಬೈದೆ" ಎಂದಳು.

ರೇಡಿಯೋ ಹಾಕಲಿಲ್ಲ. ಎಷ್ಟೋ ದೂರ ಹೋದ ಮೇಲೆ "ತಪ್ಪಾಯ್ತಮ್ಮ" ಎಂದೆ. ನನ್ನ ದನಿ ಎಂಜಿನ್ನಿನ ಸದ್ದಿಗಿಂತ ಮೆಲ್ಲಗಿತ್ತು. ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಅವಳ ಕಡೆ ತಿರುಗಿದೆ.

"ಕೇಳಿಸ್ತು. ಮುಂದೆ ನೋಡ್ಕೊಂಡು ಓಡಿಸು" ಎಂದಳು.